ಎಡಗೈಯ ಖಾತೆ

ಮಿಷನ್ ಆಸ್ಪತ್ರೆಗೆ ಲೆಕ್ಕ ಬರೆಯಲು ಬಂದ ಮೊದಲ ದಿನ
ಮೇಟ್ರನ್ ಜೊಂಡಿವೆ ಮ್ಹಾಂಗೊ ನನ್ನ ಕೈಗಿತ್ತದ್ದು
ಒಂದು ಬಿಸ್ಕತ್ತಿನ ಡಬ್ಬ.
ಒಳಗೆ ರಬ್ಬರ್‌ಬ್ಯಾಂಡ್ ಸುತ್ತಿದ ಕ್ವಾಚಾ ನೋಟು,
ಮಾತ್ರೆಯ ರಟ್ಟಿನ ಬೆನ್ನಿಗೆ ಬರೆದ ಮೂರು ಚೀಟಿ,
ಒಂಟಿ ಕಿವಿಯೋಲೆ.
ಯಾರದ್ದು ಇದು, ಕೇಳಿದೆ.
"ಒಂದು ಹೆರಿಗೆಯದ್ದು" ಅಂದಳು. ಅಷ್ಟೇ.

ನಾನು ಬ್ಲಾಂಟೈರಿನಲ್ಲಿ ಕಲಿತವಳು,
ಎಡಪುಟ ಬಲಪುಟ ತಾಳೆಯಾಗದೆ
ಊಟಕ್ಕೆ ಏಳದವಳು.

ಹಿರಿಯರ ಸಭೆಯಲ್ಲಿ ಸೀಮೆಸುಣ್ಣ ಹಿಡಿದು ನಿಂತೆ:
ಗುರಿ ಏನು, ಗಡುವು ಎಂದು, ಹೊಣೆ ಯಾರದು.
ಗ್ರಾಹಕ ಎಂಬ ಮಾತು ಬಾಯಿಗೆ ಬಂದಿತ್ತೋ ಇಲ್ಲವೋ
ಎದ್ದು ನಿಂತರು ಮುದುಕ ಚಿರ್ವಾ:
"ಹಾಗಾದರೆ ನಮ್ಮ ಅಂಗಡಿಯ ಮಾಲು ಯಾವುದು ಮಗಳೇ,
ಜೀವವೋ, ಜಪವೋ?"
ಎಲ್ಲರೂ ನಕ್ಕರು. ನಾನೂ ನಕ್ಕೆ. ಕಿವಿ ಸುಡುತ್ತಿತ್ತು.
ಪಾಸ್ಟರ್ ಗೊಂಡ್ವೆ ಮೆಲ್ಲಗೆ ತಿದ್ದಿದರು:
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಕೂಡದು,
ಇಲ್ಲಿ ನಡೆದು ಬಂದದ್ದು ಹಾಗೆ.

ನಾನು ಎಡಚಿ.
ಸೀಮೆಸುಣ್ಣ ಆ ಕೈಯಲ್ಲೇ ಇತ್ತು.

ಜೂನಿನಲ್ಲಿ, ಸರೋವರದ ಮೇಲೆ ಮ್ವೆರಾ ಗಾಳಿ ಎದ್ದ ರಾತ್ರಿ
ದೋಣಿಯಲ್ಲಿ ಬಂತೊಂದು ಕೂಸು. ಹೆಸರು ವೆಜಿ.
ಉಸಿರು ಪಕ್ಕೆಯ ಸಂದಿಯಲ್ಲಿ ಸಿಕ್ಕಿಬಿದ್ದಿತ್ತು.
ಸಿಲಿಂಡರು ಇತ್ತು. ಉದ್ದಕ್ಕೆ, ಕಪ್ಪಗೆ, ಒರೆಸಿಟ್ಟದ್ದು.
ತಿರುಪು ತಿರುಗಿತು.
ಏನೂ ಬರಲಿಲ್ಲ.
ಅದನ್ನು ಇನ್ನೊಬ್ಬರು ತುಂಬಿಸಿರುತ್ತಾರೆಂದು
ಒಬ್ಬೊಬ್ಬರೂ ನಂಬಿದ್ದರು.
ನಂಬಿಕೆಗೆ ಆ ಕಟ್ಟಡದಲ್ಲಿ ಎಂದೂ ಬರ ಬಂದಿರಲಿಲ್ಲ.

ಬೆಳಕು ಹರಿದಾಗ ಜೊಂಡಿವೆ
ತನ್ನ ಮೈಮೇಲಿನ ಚಿತೆಂಜೆ ಬಿಚ್ಚಿ ಕೂಸಿಗೆ ಸುತ್ತಿದಳು.
ಮುದುಕ ಚಿರ್ವಾ ಅಂದೇ ಬಂದರು,
ಹೊಸ ಪುಸ್ತಕ ಕೊಡು ಎಂದರು,
ನಡುಗುವ ಕೈಯಲ್ಲಿ ಕಾಲಮ್ಮು ಎಳೆದರು:
ತುಂಬಿಸಿದ ತಾರೀಖು, ನೋಡಿದವರ ಸಹಿ.
ಗೆರೆಯೆಲ್ಲ ಸೊಟ್ಟ. ಅದನ್ನೇ ಬಳಸುತ್ತಿದ್ದೇವೆ.

ಗೆದ್ದೆನೆಂದುಕೊಂಡೆ, ಸುಳ್ಳೇಕೆ ಹೇಳಲಿ.
ಅದೇ ಬೀಸಿನಲ್ಲಿ ವಸೂಲಾಗದ ಬಾಕಿಯ ಪಟ್ಟಿ ಮಾಡಿದೆ,
ಇನ್ನೂರ ಹದಿನಾಲ್ಕು ಹೆಸರು,
ಗೇಟಿಗೆ ಅಂಟಿಸಿದೆ.
ಸೆಪ್ಟೆಂಬರಿನಲ್ಲಿ ಹೆರಿಗೆ ವಾರ್ಡಿನ ಐದು ಹಾಸಿಗೆ ಖಾಲಿ.
ಸಾಬೂನು ಉಳಿಯಿತು, ಸೀಮೆಎಣ್ಣೆ ಉಳಿಯಿತು,
ಉಳಿತಾಯ ಎಂದು ವರದಿಯಲ್ಲಿ ಬರೆದೆ,
ಅಡಿಗೆರೆ ಹಾಕಿ.
ಜೊಂಡಿವೆ ಓದಿದಳು. ಮಾತಾಡಲಿಲ್ಲ.
ಸಂಜೆ ನನ್ನನ್ನು ದಡಕ್ಕೆ ಕರೆದೊಯ್ದಳು,
ಮಗುಚಿದ ದೋಣಿಯ ನೆರಳಲ್ಲಿ
ಮರಳು ತೊಳೆಯುತ್ತಿದ್ದರು ಇಬ್ಬರು ಹೆಂಗಸರು.
ಯಾಕೆ ಎಂದು ಕೇಳಬೇಕಾಗಲಿಲ್ಲ.
ಮರಳು ಇನ್ನೂ ಕೆಂಪಗಿತ್ತು.

ರಾತ್ರಿಯೇ ಪಟ್ಟಿ ಕಿತ್ತೆ. ಅಂಟು ಬಿಡಲಿಲ್ಲ,
ನಾಲ್ಕು ಮೂಲೆ ಇಂದಿಗೂ ಗೇಟಿನಲ್ಲಿವೆ.

ಮೊನ್ನೆ ಒಬ್ಬ ಬಂದ, ತಲೆಯ ಮೇಲೆ
ಒಣಗಿದ ಉಸಿಪಾ ಮೀನಿನ ಬೋಗುಣಿ.
ಹೆಂಡತಿಯ ಓಲೆ ಕೇಳಿದ.
ಮೀನಿಗೆ ದರ ಕಟ್ಟಲು ಪೆನ್ನು ತೆಗೆದೆ,
ಪೇಟೆಯಲ್ಲಿ ಇಂದು ಒಂದು, ನಾಳೆ ಇನ್ನೊಂದು.
ಕೊನೆಗೆ ಬರೆದೆ:
ಮೀನು, ಒಂದು ಬೋಗುಣಿ, ಬಂತು.
ಓಲೆ, ಒಂದು, ಹೋಯಿತು.
ಅಡುಗೆಮನೆಯವರು ಅಳೆಯದೆ ಸಾರು ಮಾಡಿದರು.

ಗುರುವಾರ ಮ್ಜೂಜುವಿನಿಂದ ಆಡಿಟರ್ ಬರುತ್ತಾನೆ.
ಮೀನಿನ ಪುಟದ ಮುಂದೆ ನಿಲ್ಲುತ್ತಾನೆ,
ಪೆನ್ಸಿಲ್ ಕಚ್ಚುತ್ತಾನೆ.
ಏನು ಹೇಳಲಿ ಎಂದು ಜೊಂಡಿವೆಯನ್ನು ಕೇಳಿದರೆ
"ಊಟಕ್ಕೆ ಕೂರಿಸು" ಅನ್ನುತ್ತಾಳೆ.

ಆರು ಗಂಟೆಯಾಯಿತು.
ಸೊಟ್ಟ ಗೆರೆಯ ಪುಸ್ತಕ ಕಂಕುಳಲ್ಲಿ,
ಸಿಲಿಂಡರಿನ ಮುಳ್ಳು ನೋಡಿ ಬರಬೇಕು.
ನಿನ್ನೆ ನೋಡಿದ್ದೆ. ತುಂಬಿತ್ತು.
ಆದರೂ.